ಒಂದು ಚಿಹ್ನೆಗೆ ಇಡೀ ಸುದ್ದಿ ಬಿಸಾಡಿದವರಿಗೆ

ಪಡುಗುಡ್ಡೆ ದ್ವೀಪ,
ಫೆಬ್ರವರಿ ಮೂವತ್ತು, 2419

ಹಿಂದಿನ ಕಾಲದ ಸಾಫ್ಟ್‌ವೇರ್ ಬರೆಯುವವರೇ,

ತಾರೀಕು ನೋಡಿ ನಗಬೇಡಿ; ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ನಿಮ್ಮ ಕ್ಷಮೆ ಕೇಳುವವಳಲ್ಲ.

ನೀವು ಫೀಡ್ ಎನ್ನುವುದನ್ನು ನಾವು ಸುದ್ದಿತೋಡು ಎನ್ನುತ್ತೇವೆ. ಪ್ರತಿ ದ್ವೀಪವೂ ಗಾಳಿ, ಮದುವೆ, ಮೀನಿನ ಸುದ್ದಿಯನ್ನು ಹಳ್ಳದ ನೀರಿನಂತೆ ಅದರಲ್ಲಿ ಹರಿಯಬಿಡುತ್ತದೆ. ಮನೆಮನೆಯ ಓದುಯಂತ್ರ ಅದನ್ನು ಹೆಕ್ಕಿ ಗಟ್ಟಿಯಾಗಿ ಹೇಳುತ್ತದೆ. ಆ ಯಂತ್ರದೊಳಗೆ ಇದ್ದದ್ದು ನಿಮ್ಮ ಕಾಲದ ಕೋಡ್. ಅದನ್ನು ಮುಟ್ಟಲು ನಮ್ಮ ಹಿರಿಯರು ಹೆದರುತ್ತಿದ್ದರು.

ನನ್ನ ಅಕ್ಕ ಲೋಲಾಕ್ಷಿ ಕಡಲಪಾಚಿ ಕೊಯ್ಯುವವಳು. ಒಂದು ಬೆಳಿಗ್ಗೆ ದೋಣಿ ಇಳಿಸುವ ಮುಂಚೆ ಯಂತ್ರವನ್ನು ಕೇಳಿದಳು. "ಹೊಸ ಸುದ್ದಿ ಇಲ್ಲ" ಎಂದಿತು. ಹೋದಳು. ಮಧ್ಯಾಹ್ನ ಬಿರುಗಾಳಿ ಎದ್ದಿತು. ಮಗುಚಿದ ದೋಣಿ ದಡಕ್ಕೆ ಬಂತು, ಅಕ್ಕ ಬರಲಿಲ್ಲ.

ಸುದ್ದಿ ಇತ್ತು. ಬಡಗು ದ್ವೀಪದವರು ಗಾಳಿಯ ಎಚ್ಚರಿಕೆಯನ್ನು ಬೆಳಗಾಗುವಾಗಲೇ ಕಳಿಸಿದ್ದರು. ಆದರೆ ಅದರ ಮೇಲಿದ್ದ ಮದುವೆ ಸುದ್ದಿಯಲ್ಲಿ ಯಾರೋ ಗಂಡುಹೆಣ್ಣಿನ ಹೆಸರುಗಳ ನಡುವೆ "ಮತ್ತು" ಎಂದು ಬರೆಯುವ ಬದಲು & ಚಿಹ್ನೆಯನ್ನು ಹಾಗೆಯೇ ಒತ್ತಿದ್ದರು. ತೋಡಿನ ಬರವಣಿಗೆಯ ನಿಯಮದ ಪ್ರಕಾರ ಆ ಚಿಹ್ನೆ ಬಿಡಿಯಾಗಿ ಬರುವುದು ತಪ್ಪು. ಅಷ್ಟಕ್ಕೇ ನಿಮ್ಮ ಘನವಾದ ಕೋಡ್ ಇಡೀ ತೋಡನ್ನೇ ಬಿಸಾಡಿತು. ಬಿಸಾಡಿ ಸುಮ್ಮನಿರಲೂ ಇಲ್ಲ, ಸುಳ್ಳು ಹೇಳಿತು.

ಊರಸಭೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡುವ ವಾಮನಯ್ಯ ಗಂಟಲು ಸರಿಮಾಡಿಕೊಂಡು, "ತಪ್ಪು ಕಳಿಸಿದವರದ್ದು. ಯಂತ್ರ ನಿಯಮ ಪಾಲಿಸಿದೆ" ಎಂದರು.

ಅಮ್ಮ ಎದ್ದು ನಿಂತಳು. "ಗಾಳಿ ಬರ್ತದೆ ಅಂತ ಕೆಳಗೇ ಬರೆದಿತ್ತಲ್ಲ ಮಾರಾಯ್ರೇ! ಅದನ್ನು ಓದ್ಲಿಕ್ಕೆ ಅದಕ್ಕೆ ಏನು ರೋಗ?"

ವಾಮನಯ್ಯನವರ ಮಾತು ಅವರದ್ದಲ್ಲ, ನಿಮ್ಮದು. ನಿಮ್ಮ ಕೋಡಿನ ನಡುವೆ ಒಬ್ಬ ಮಹಾನುಭಾವ ಬರೆದಿಟ್ಟ ಟಿಪ್ಪಣಿಯನ್ನು ಆಮೇಲೆ ನಾನೇ ಓದಿದೆ: "ತಪ್ಪಾಗಿ ಬರೆಯುವವರಿಗೆ ಬುದ್ಧಿ ಬರಲಿ." ಬುದ್ಧಿ ಬಂತೇ ಸ್ವಾಮಿ? ಆ ಮದುವೆ ಸಾಂಗವಾಗಿ ನಡೆಯಿತು, ಊಟವೂ ಚೆನ್ನಾಗಿತ್ತಂತೆ.

ನಾನು ಕೋಡ್ ಬಿಚ್ಚಿ ಹೊಸದಾಗಿ ಬರೆದೆ. ಈಗ ಯಂತ್ರ ಕೆಟ್ಟ ತುಂಡನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಓದುತ್ತದೆ, "ಇಲ್ಲೊಂದು ಸುದ್ದಿ ಮುರಿದಿದೆ" ಎಂದು ಕೂಗುತ್ತದೆ, ಕಳಿಸಿದವರಿಗೂ ತಿಳಿಸುತ್ತದೆ. ಮುರಿದದ್ದನ್ನು ಗುಟ್ಟಾಗಿ ಊಹಿಸಿ ತುಂಬುವುದಿಲ್ಲ. ನಿಮ್ಮಲ್ಲಿ ಕೆಲವರಿಗಿದ್ದ ಆ ಜಾಣತನವೂ ನಮಗೆ ಬೇಡ. ಕಳೆದ ಮಳೆಗಾಲದಲ್ಲಿ ಅರ್ಧ ಕೆಟ್ಟ ತೋಡೊಂದು ಬಂತು. ಗಾಳಿಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಯಾರೂ ದೋಣಿ ಇಳಿಸಲಿಲ್ಲ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ನಿಯಮ ಬರೆಯಿರಿ, ಬೇಡವೆನ್ನಲಾರೆ. ಆದರೆ ಓದಲಾಗದಿದ್ದಾಗ "ಓದಲಾಗಲಿಲ್ಲ" ಎನ್ನಿ. "ಸುದ್ದಿ ಇಲ್ಲ" ಎನ್ನಬೇಡಿ. ಅಷ್ಟು ಮಾನವಾದರೂ ಇರಲಿ.

ವಾರಿಜಾ