ಅಮ್ಮ ಹುಡುಕಿದ ನೀಲಿ ಬಟ್ಟೆ

ಮನೆಯಿಂದ,
ಏಪ್ರಿಲ್ ೯, ಮಧ್ಯಾಹ್ನ

ಅಪ್ಪಾ,

‘ಪ್ರೀತಿಯ’ ಅಂತ ಶುರು ಮಾಡಿ ಹೊಡೆದುಹಾಕಿದೆ. ಗೀಟು ಕಾಣಬಾರದು ಅಂತ ಬೇರೆ ಹಾಳೆ ತಗೊಂಡೆ. ಮಂಡಿನೋವು ಹೇಗಿದೆ? ಕೆಮ್ಮು ನಿಂತಿತಾ? ನಾನು ಚೆನ್ನಾಗಿದ್ದೀನಿ. ಕನ್ನಡಕದ ನಂಬರು ಏರಿದೆ, ಹೊಲಿಯೋರಿಗೆ ಅದು ಇದ್ದದ್ದೇ. ನಿಮ್ಮ ಪಾರ್ಸೆಲ್ಲು ಕೈಸೇರಿತು, ಕಾಗದವನ್ನೂ ಓದಿದೆ. ಎರಡು ಕೇಳಿದ್ದೀರಿ. ನಿಮ್ಮ ಈಗಿನ ಹೆಂಡತಿಯ ಮಗಳಿಗೆ ಬೇಸಿಗೆಗೊಂದು ಸಡಿಲ ಅಂಗಿ ಹೊಲಿದುಕೊಡು ಅಂತ ಒಂದು. ಅಮ್ಮ ಹೋಗಿ ವರ್ಷವಾಯಿತಲ್ಲ, ಮುಂದಿನ ತಿಂಗಳು ಬಂದು ಹದಿನೈದು ದಿನ ನಿನ್ನ ಜೊತೆ ಇರಲಾ ಅಂತ ಇನ್ನೊಂದು. ಸುಲಭದ್ದು ಮೊದಲು ಮುಗಿಸಿಬಿಡೋಣ ಅಂತ ಅಂಗಿಗೆ ಕೂತೆ.

ಅಳತೆ ಚೀಟಿ ಹುಡುಗಿಯೇ ಬರೆದಿದ್ದಾಳೆ. ಹನ್ನೆರಡು ವರ್ಷದವಳ ದರ್ಬಾರು ನೋಡಬೇಕು! ಅಂಗಿ ಅನ್ನಬಾರದಂತೆ, ಟ್ಯೂನಿಕ್ ಅನ್ನಬೇಕಂತೆ. ಕತ್ತಿನ ಹತ್ತಿರ ಚುಚ್ಚಬಾರದಂತೆ. ಎರಡೂ ಕಡೆ ಜೇಬು ಬೇಕಂತೆ, ಮಣಿಕಟ್ಟಿನವರೆಗೆ ಕೈ ಮುಳುಗುವಷ್ಟು ಆಳ. ಕೊನೆಗೆ, ‘ಅಕ್ಕಾ, ತೊಂದರೆ ಆದರೆ ಒಂದೇ ಜೇಬು ಸಾಕು’ ಅಂತ. ಮುಖ ಕೂಡ ನೋಡದವಳನ್ನ ಅಕ್ಕ ಅನ್ನೋಕೆ ಅವಳಿಗೆ ಒಂಚೂರೂ ಸಂಕೋಚವಿಲ್ಲ. ನನಗೆ ಮೈ ಉರಿಯಿತು, ನಗುವೂ ಬಂತು.

ನೀವು ಕಳಿಸಿರೋದು ಅಂಗಿ ಬಟ್ಟೆ ಅಲ್ಲ, ತುಂಡು ಜೋಡಿಸಿ ರಜಾಯಿ ಹೊಲಿಯೋಕೆ ತರುವ ನೀಲಿ ಹತ್ತಿ ಬಟ್ಟೆ. ಸ್ವಲ್ಪ ಬಿರುಸು, ಮೈಮೇಲೆ ಇಳಿಬೀಳಲ್ಲ. ಅದಕ್ಕೇ ಪಕ್ಕಗಳಲ್ಲಿ ಸೀಳು ಬಿಟ್ಟೆ, ತೋಳು ಅಗಲ ಮಾಡಿದೆ, ಬೆನ್ನಿಗೊಂದು ಮಡಿಕೆ ಕೊಟ್ಟೆ. ಆದರೂ ಎಡವಟ್ಟು ಮಾಡಿಕೊಂಡೆ. ರಜಾಯಿಯವರು ನಾವು ಬಟ್ಟೆಯನ್ನ ಮೊದಲೇ ನೆನೆಸಲ್ಲ. ಹೊಲಿದು ಮುಗಿದ ಮೇಲೆ ಒಗೆದರೆ ಕುಗ್ಗಿ ಸುಕ್ಕು ಬೀಳಬೇಕು, ಅದರ ಅಂದವೇ ಅದು. ಇಪ್ಪತ್ತು ವರ್ಷದ ಅಭ್ಯಾಸ, ಹಾಗೇ ಕತ್ತರಿಸಿ, ಹೊಲಿದು, ಒಗೆದು ಒಣಹಾಕಿದೆ. ಎರಡಿಂಚು ಮೋಟು! ಅಮ್ಮ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೆಳಗೆ ಪಟ್ಟಿ ಕೊಟ್ಟು ಉದ್ದ ಮಾಡೋಣ ಅಂತ ಉಳಿದ ಬಟ್ಟೆಯ ಮಡಿಕೆ ಬಿಡಿಸಿದೆ.

ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಇತ್ತು, ಅಪ್ಪಾ. ರಜಾಯಿಗೆ ಕತ್ತರಿಸೋ ಆರು ಮೂಲೆಯ ತುಂಡುಗಳು, ಸಾಲಾಗಿ, ಒಂದಕ್ಕೊಂದು ತಾಗಿಸಿ ಬರೆದದ್ದು. ಅಂಚಲ್ಲಿ ಅಮ್ಮನ ಅಕ್ಷರ: ‘ಮಗಳ ಹಾಸಿಗೆಗೆ, ಹೇಳಬಾರದು.’

ಮೂರು ವರ್ಷದ ಹಿಂದೆ ನೀವು ಮನೆ ಬಿಟ್ಟಾಗ ಬೂದು ಟ್ರಂಕು ಎತ್ತಿಕೊಂಡು ಹೋದಿರಲ್ಲ, ಇದು ಅದರ ತಳದಲ್ಲಿ ಇದ್ದಿರಬೇಕು. ನೀವು ಹೋದ ಮಾರನೇ ವಾರದಿಂದ ಅಮ್ಮ ‘ನನ್ನ ನೀಲಿ ಬಟ್ಟೆ ಎಲ್ಲಿ’ ಅಂತ ಹುಡುಕೋಕೆ ಶುರು ಮಾಡಿದಳು. ಬೀರು, ಅಟ್ಟ, ಮಂಚದ ಕೆಳಗೆ, ಹಿಟ್ಟಿನ ಡಬ್ಬ ಕೂಡ. ಮಾವನ ಕೈಲಿ ನಿಮ್ಮನ್ನೂ ಕೇಳಿಸಿದಳು. ಟ್ರಂಕಲ್ಲಿ ಅಂಥದ್ದೇನೂ ಇಲ್ಲ ಅಂತ ಹೇಳಿ ಕಳಿಸಿದಿರಿ. ಮುಚ್ಚಳ ಎತ್ತಿ ನೋಡಿದ್ದಿರಾ? ಈಗ ಬರೆದಿದ್ದೀರಿ, ‘ಸುಮ್ಮನೆ ಬಿದ್ದಿದ್ದ ಬಟ್ಟೆ’ ಅಂತ. ನಿಮಗೆ ನಾಚಿಕೆ ಆಗಬೇಕು.

ನಿಮ್ಮ ಉತ್ತರ ಬಂದ ದಿನ ನಾನು ಅಮ್ಮನ ಮೇಲೆ ರೇಗಿದೆ. ‘ನೀಲಿ ಬಟ್ಟೆ ಅಂತ ಒಂದು ಇರಲೇ ಇಲ್ಲ, ನಿನಗೆ ಅರಳುಮರಳು’ ಅಂದೆ. ನಾನು ಅದನ್ನ ಕಣ್ಣಾರೆ ಕಂಡಿರಲಿಲ್ಲವಲ್ಲ. ಹೇಳಿಬಿಟ್ಟರೆ ಗುಟ್ಟು ರಟ್ಟಾಗುತ್ತೆ ಅಂತ ಅವಳೂ ಯಾಕೆ ಏನು ಅಂತ ಬಾಯಿ ಬಿಡಲಿಲ್ಲ. ಅವತ್ತಿಂದ ಹುಡುಕೋದು ನಿಂತಿತು. ಬಾಗಿಲು ಹಾಕಿದೆನಾ, ಮಾತ್ರೆ ನುಂಗಿದೆನಾ, ಎಲ್ಲಕ್ಕೂ ನನ್ನನ್ನೇ ಕೇಳುತ್ತಿದ್ದಳು. ಒಂದು ದಿನ ಕತ್ತರಿಯನ್ನ ನನ್ನ ಮುಂದೆ ಇಟ್ಟು, ‘ನನ್ನ ತಲೆ ನೆಟ್ಟಗಿಲ್ಲವಂತೆ, ಇನ್ಮೇಲೆ ನೀನೇ ಕತ್ತರಿಸು’ ಅಂದಳು. ನಾನು ಸರಿ ಅಂದೆ. ಸದ್ಯ, ಕಾಟ ತಪ್ಪಿತು ಅಂತ ನೆಮ್ಮದಿ ಬೇರೆ ಆಯಿತು ನನಗೆ. ಅವಳ ತಲೆ ಕೊನೆಯವರೆಗೂ ನೆಟ್ಟಗೇ ಇತ್ತು ಅಪ್ಪಾ. ನೆಟ್ಟಗಿಲ್ಲ ಅಂತ ನಾವೇ ಅವಳನ್ನ ನಂಬಿಸಿ ಕೂರಿಸಿದೆವು.

ಅಂಗಿ ಇದರ ಜೊತೆಗಿದೆ. ಪಟ್ಟಿಯನ್ನ ನನ್ನದೇ ಹಳದಿ ಬಟ್ಟೆಯಿಂದ ಕೊಟ್ಟಿದ್ದೀನಿ, ಗೆರೆ ಇರೋದನ್ನ ಮುಟ್ಟಿಲ್ಲ. ಜೇಬು ಎರಡೂ ಇಟ್ಟಿದ್ದೀನಿ, ಹುಡುಗಿ ಏನು ತಪ್ಪು ಮಾಡಿದ್ದಾಳೆ? ಇನ್ನು ಕುಗ್ಗಲ್ಲ, ಧೈರ್ಯವಾಗಿ ಒಗೆಯಲಿ. ಅವಳಿಗೆ ನನ್ನ ಆಶೀರ್ವಾದ ತಿಳಿಸಿ. ಅವಳಮ್ಮನಿಗೆ ನಮಸ್ಕಾರ ಬರೆಯಬೇಕು, ಬರೆದಿದ್ದೀನಿ ಅಂದುಕೊಳ್ಳಿ. ಮೈ ಕಡೆ ನೋಡಿಕೊಳ್ಳಿ, ಮೆಟ್ಟಿಲು ಹತ್ತಬೇಡಿ.

ಇಂತಿ,
ನಿಮ್ಮ ಮಗಳು

ಅಂಚೆಯವನು ಬರೋ ಹೊತ್ತಾಯಿತು, ಎರಡನೇದಕ್ಕೆ ಉತ್ತರ ಬರೆದೇ ಇಲ್ಲ. ಬರಬೇಡಿ. ಸಿಟ್ಟಿಗೆ ಹೇಳುತ್ತಿಲ್ಲ. ಅಮ್ಮನ ಮಾತು ನಂಬದವರು ಇಬ್ಬರು ಈ ಮನೆಯಲ್ಲಿ ಎದುರುಬದುರು ಕೂತು ಹದಿನೈದು ದಿನ ಊಟ ಮಾಡೋಕಾಗಲ್ಲ. ನನ್ನೊಬ್ಬಳ ಜೊತೆಗೇ ನನಗೆ ಸಾಕಾಗಿಹೋಗಿದೆ.