ಎಂಟು ಬಗೆ ಬಿಸ್ಕತ್ತು

ನವೆಂಬರ್ 5, 1984, ಬರ್ಗನ್
ಇವತ್ತು ಹನ್ನೊಂದು ಪುಟ ಟೈಪ್ ಆಯಿತು. ಬೆರಳು ನೋವು. ಗುದ್ರುನ್ ನಲವತ್ತು ವರ್ಷ ಸಮಾಜಶಾಸ್ತ್ರ ಕಲಿಸಿದವರು, ಬರುವ ಬೇಸಿಗೆಗೆ ನಿವೃತ್ತಿ. ಇದು ಕೊನೆಯ ಪುಸ್ತಕ. ವಾದ ಒಂದೇ: ಸಣ್ಣ ಊರಿನಲ್ಲಿ ಗುಟ್ಟು ಉಳಿಯುವುದು ಯಾರಿಗೂ ಗೊತ್ತಿಲ್ಲದ್ದರಿಂದಲ್ಲ, ಗೊತ್ತಿದ್ದೂ ಎಲ್ಲರೂ ಸೇರಿ ಬಾಯಿಬಿಡದೆ ಉಳಿಸುತ್ತಾರೆ. ಸಂದರ್ಶನ ಕೊಟ್ಟವರ ಹೆಸರು, ಕೆಲಸ ಬದಲಿಸುವುದು ನನ್ನ ಪಾಲು. ಶಾಲೆ ಬಿಟ್ಟವಳನ್ನು ಇಷ್ಟು ನಂಬಿದ್ದಾರೆ. ಭಯ.

ನ. 8
ಚಿಕ್ಕಮ್ಮ ದ್ವೀಪದಿಂದ ಬಂದಳು. ಮೇಜಿನ ಮೇಲೆ ಕರಡು — ಮುಚ್ಚಿಡಲಿಲ್ಲ. ತಪ್ಪು ನನ್ನದೇ. ಕಾಫಿ ತರುವಷ್ಟರಲ್ಲಿ ಓದುತ್ತಿದ್ದಳು.
“ಕ್ರಿಸ್ಮಸ್‌ಗೆ ಎಂಟು ಬಗೆ ಬಿಸ್ಕತ್ತಾ? ಎಲ್ಲರ ಮನೇಲೂ ಏಳೇ ಕಣೇ. ಎಂಟು ಮಾಡೋ ಜಂಬದವಳು ನಮ್ಮಲ್ಲಿ ಒಬ್ಬಳೇ, ಸೋಲ್‌ಫ್ರಿಡ್.”
ನಕ್ಕಳು. ಮುಂದಿನ ಸಾಲಿಗೆ ನಗು ನಿಂತಿತು. ತನ್ನ ಎರಡನೇ ಮಗ ಗಂಡನಿಗೆ ಹುಟ್ಟಿದವನಲ್ಲ ಎಂದು ಆಕೆಯೇ ಗುದ್ರುನ್‌ಗೆ ಹೇಳಿದ ಸಾಲು.
ಹೆಸರು ಬದಲಿಸಿದ್ದೆ. ಅಂಚೆ ಕೆಲಸವನ್ನು ಅಂಗಡಿ ಕೆಲಸ ಮಾಡಿದ್ದೆ. ಎಂಟನ್ನು ಮಾತ್ರ ಹಾಗೇ ಬಿಟ್ಟೆ... ಚೆಂದವಿತ್ತು ಅಂತ.

ನ. 9
ಚಿಕ್ಕಮ್ಮ ಬೆಳಗಿನ ಹಡಗಿಗೇ ಊರಿಗೆ ಹೋದಳು. ಗುದ್ರುನ್‌ಗೆ ಎಲ್ಲ ಹೇಳಿದೆ. ಕನ್ನಡಕ ಒರೆಸುತ್ತಲೇ ಇದ್ದರು.
“ನನ್ನ ಸಿದ್ಧಾಂತ ಸರಿಯಿದ್ರೆ ಊರಿಗೆಲ್ಲ ಮೊದಲೇ ಗೊತ್ತು, ಮಾರಾಯ್ತಿ. ನಿನ್ನ ಚಿಕ್ಕಮ್ಮನೂ ತುಟಿ ಬಿಚ್ಚಲ್ಲ.”
“ತಪ್ಪಿದ್ರೆ?”
ಕನ್ನಡಕ ಹಾಕಿಕೊಂಡರು. “ತಪ್ಪಿದ್ರೆ ಅನುಭವಿಸೋಳು ಸೋಲ್‌ಫ್ರಿಡ್. ನಾನಲ್ಲ.”
ಮುದ್ರಣಾಲಯಕ್ಕೆ ಫೋನ್ ಮಾಡಿ ಆ ಅಧ್ಯಾಯ ನಿಲ್ಲಿಸಿದರು. ಪುಸ್ತಕದ ಬೆನ್ನೆಲುಬು ಅದು.
“ಅವಳಿಗೆ ನೀನೇ ಹೋಗಿ ಹೇಳು. ನಾನು ಬಂದ್ರೆ ಊರೇ ಕಿಟಕೀಲಿ ನಿಲ್ಲುತ್ತೆ.”

ನ. 13, ಸಂಜೆ 5, ದ್ವೀಪದ ಹಡಗುಕಟ್ಟೆ
ಮೂರು ದಿನ ಬಿರುಗಾಳಿ, ಹಡಗಿರಲಿಲ್ಲ. ಇವತ್ತು ಬಂದೆ.
ಸೋಲ್‌ಫ್ರಿಡ್ ಮನೆಗೆ ಹೋಗಿ ಪುಟ ಕೊಟ್ಟೆ. ಓದಿ ಕೇಳಿದರು, “ಬೇರೆ ಯಾರು ಓದಿದ್ದಾರೆ?”
ಯಾರೂ ಇಲ್ಲ ಅನ್ನಬಹುದಿತ್ತು. ಹೇಳಿದೆ — ನನ್ನ ಚಿಕ್ಕಮ್ಮ.
“ಹಾಗಾದ್ರೆ ನಮ್ಮ ಮನೆಯವರಿಗೆ ಇವತ್ತೇ ಹೇಳ್ಬೇಕು. ಬೇರೆ ಬಾಯಿಂದ ಕೇಳ್ಬಾರ್ದು. ಎದ್ದು ಹೋಗ್ಬೇಡ ನೀನು. ಶುರು ಮಾಡಿದವಳು ನೀನೇ.”
ಅವರ ಗಂಡ ಮೀನು ಹಿಡಿದು ಬಂದರು. ಬೂಟು ಕಳಚಿದರು.
“ಕೂತ್ಕೊಳ್ಳಿ. ನಮ್ಮ ಎರಡನೆಯವನ ವಿಷಯ...”
ಆತ ನನ್ನನ್ನು ನೋಡಿದರು, ಪುಟ ನೋಡಿದರು. ಟೋಪಿ ತೆಗೆಯದೆ ಹೆಂಡತಿಯ ಪಕ್ಕ ಕೂತರು.
“ಅದನ್ನ ಹೇಳ್ಲೇಬೇಕಾ, ಸೋಲ್‌ಫ್ರಿಡ್? ಇಷ್ಟು ವರ್ಷ ಚೆನ್ನಾಗೇ ಇದ್ವಲ್ಲ.”
ಗುದ್ರುನ್ ಸಿದ್ಧಾಂತ ಸರಿ. ಫೋನ್ ಮಾಡಿದರೆ ಖುಷಿಪಡುತ್ತಾರೆ. ಆದರೆ ಸೋಲ್‌ಫ್ರಿಡ್ ಮುಖ — ಇಪ್ಪತ್ತು ವರ್ಷ ಗುಟ್ಟನ್ನು ಒಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದವರ ಮುಖ. ಅದನ್ನು ಯಾವ ಅಧ್ಯಾಯಕ್ಕೆ ಸೇರಿಸಲಿ?