ಬಾವುಟದ ಮೇಲಿನ ಕೈಗಾಡಿ

ನಾರ್ಫೋಕ್ ದ್ವೀಪ, ಜೂನ್ 8

ಪ್ರೀತಿಯ ಅಕ್ಕ,

ನಮ್ಮ ಹಿರಿಯರು ಪಿಟ್‌ಕೇರ್ನ್ ಬಿಟ್ಟು ಇಲ್ಲಿ ಬಂದಿಳಿದ ದಿನದ ಮೆರವಣಿಗೆ ಇವತ್ತು. ನನಗೆ ಒಬ್ಬರ ಗುರುತೂ ಇಲ್ಲ. ಇವರ ಪೈನ್ ಮರದ ಚಿತ್ರವಿರುವ ಬಾವುಟಗಳ ನಡುವೆ ನೋಡಿದರೆ, ನಮ್ಮ ಪಿಟ್‌ಕೇರ್ನ್ ಬಾವುಟವೂ ಒಂದು! ನಾನು ಬಂದಿದ್ದೇನೆಂದು ಕೇಳಿ ಎನಿಡ್ ಎಂಬ ಅಜ್ಜಿ ತಾನೇ ಹೊಲಿದಿದ್ದಾಳೆ. ಲಾಂಛನದ ಕೈಗಾಡಿಗೆ ಮಾತ್ರ ಎರಡು ಚಕ್ರ.

“ಅಜ್ಜಿ, ನಮ್ಮ ಗಾಡಿಗೆ ಒಂದೇ ಚಕ್ರ” ಎಂದೆ.

“ಗೊತ್ತು ಕಣೇ. ಪಿಟ್‌ಕೇರ್ನ್‌ಗೆ ವಾಪಸ್ ಹೋದ ನಿಮ್ಮೋರದ್ದೊಂದು, ಇಲ್ಲೇ ಉಳಿದ ನಮ್ಮೋರದ್ದೊಂದು. ಹಿಡ್ಕೊಂಡು ಮುಂದೆ ನಡಿ!”

ಕಣ್ಣೊರೆಸಿಕೊಂಡು ನಡೆದೆ. ಈಗ ಅವಳ ಮನೆಯಲ್ಲೇ ಇದ್ದೇನೆ. ನೀನು ಕೇಳಿದ್ದ ನನ್ನ ಮೊಣಕಾಲಿನ ಊತ ಇಳಿದಿದೆ. ತಾನೂ ಒಂದು ಸಾಲು ಬರೆಯಬೇಕೆಂದು ಕಾರ್ಡು ಕಸಿಯುತ್ತಿದ್ದಾಳೆ.

ನಿನ್ನ ಆಲ್ವಾ

ಮಗಳೇ, ನಿನ್ನ ತಂಗೀನ ಇಷ್ಟು ಬೇಗ ಕಳಿಸಲ್ಲ. — ಎನಿಡ್ ಅಜ್ಜಿ